ಕರ್ಚೀಫು ಹಾಕಿದ ಸೀಟು

ಏಪ್ರಿಲ್‌ನಲ್ಲಿ ದೋಹಾದಿಂದ ಜಪಾನ್ ಪ್ರವಾಸಕ್ಕೆ ಹೋಗಿದ್ದಾಗ, ಒಂದು ಹಳ್ಳಿಯ ಸ್ಟೇಷನ್ನಿನಲ್ಲಿ ನಾವು ರೈಲು ಬದಲಿಸಬೇಕಿತ್ತು. ಅಲ್ಲಿ ಬೆಂಚಿನ ಮೇಲೆ ಕುಳಿತ ಒಬ್ಬ ಅಜ್ಜಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಆರು ವರ್ಷದ ನನ್ನ ಮಗಳು ಧನ್ವಿ ಅವರಿಗೆ ಒತ್ತಿಕೊಂಡೇ ಕುಳಿತಳು.

ಸ್ಟೇಷನ್ನಿನ ಗಂಟೆ ಹೊಡೆದು ರೈಲು ಬಂದಾಗ, ಅಭ್ಯಾಸದಂತೆ ನಾನೇ ಹೇಳಿಕೊಟ್ಟೆ: "ಹೋಗ್ತೇನೆ ಅನ್ಬಾರ್ದು ಮಗಾ. ಬರ್ತೇನೆ ಅಜ್ಜಿ ಅಂತ ಹೇಳು."

ಅವಳು ಹೇಳಿದಳು. ಅವಳು ಕುಳಿತಿದ್ದ ಜಾಗದಲ್ಲಿ ಅಜ್ಜಿ ಒಂದು ನೀಲಿ ಕರ್ಚೀಫು ಹಾಸಿದರು.

"ನಮ್ಮ ಪುತ್ತೂರು ಬಸ್ಸಿನ ಹಾಗೆ ಸೀಟು ಹಿಡಿದ್ರಲ್ಲ ಮಾರಾಯ್ತಿ! ಇನ್ನು ಇವಳು ಬರುವ ತನಕ ತೆಗೀಲಿಕ್ಕಿಲ್ಲ," ಎಂದು ನನ್ನ ಗಂಡ ನಕ್ಕರು.

ಈಗ ಜೂನ್. ದೋಹಾದ ಬಿನ್ ಮಹಮೂದಿನಲ್ಲಿರುವ ನಮ್ಮ ಫ್ಲಾಟಿನ ಗೋಡೆಗಳೂ ಸುಡುತ್ತಿವೆ. ಆದರೆ ಧನ್ವಿಯ ಎಡಗೈ, ಅಜ್ಜಿಗೆ ತಾಗಿದ್ದ ಆ ಕೈ, ಮಂಜುಗಡ್ಡೆಯಂತಿದೆ. ಕ್ಲಿನಿಕ್ಕಿನಲ್ಲಿ ಏನೂ ತೊಂದರೆಯಿಲ್ಲ ಎಂದರು. ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಆ ಸ್ಟೇಷನ್ನಿನ ಗಂಟೆ ಕೇಳಿಸುತ್ತದೆ. ಕೂಡಲೇ ಅವಳು ಶೂ ಹುಡುಕುತ್ತಾಳೆ. ನಾನು ಅವಳನ್ನು ತಬ್ಬಿ ಹಿಡಿದು ಬೇಡಿಕೊಳ್ಳುತ್ತೇನೆ: "ಬರುವುದಿಲ್ಲ ಅಂತ ಹೇಳು ಮಗಾ, ಒಂದು ಸಲ ಹೇಳು." ಅವಳ ಬಾಯಿಂದ "ಬರ್ತೇನೆ ಅಜ್ಜಿ" ಎಂದೇ ಬರುತ್ತದೆ.

ಇವತ್ತು ಗಂಟೆ ನಿಂತ ಮೇಲೆ ಅವಳು ನನ್ನತ್ತ ತಿರುಗಿದಳು. "ಅಮ್ಮಾ, ನಂಗೆ ಕೂರ್ಲಿಕ್ಕೆ ಅಜ್ಜಿ ಕರ್ಚೀಫು ತೆಗೆದ್ರು."