ಎರಡನೇ ಡಬ್ಬಿಯ ಭಾರ

ಆ ಹಳೆಯ ಕಾರು ಗ್ಯಾರೇಜಿನೊಳಗೆ ಬಂದು ನಿಂತಾಗ ಭೂಕಂಪವಾಯಿತು ಎಂದರೆ ಕಡಿಮೆ ಹೇಳಿದಂತೆ! ಗೋಡೆಯ ಮೇಲಿನ ಸ್ಪ್ಯಾನರುಗಳು ತಾಳ ಹಾಕಿದವು. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಎದ್ದು ಬೇರೆ ಊರಿಗೇ ಹೊರಟುಬಿಟ್ಟಿತು. ಚಿಕ್ಕಪ್ಪನ ಕೈಯಲ್ಲಿದ್ದ ಚಹಾ ಚಮಚವಿಲ್ಲದೆ ತಾನೇ ಕಲಕಿಕೊಂಡಿತು.

“ಆಫ್ ಮಾಡ್ಬೇಡಿ! ಹಾಗೇ ಬಿಟ್ಟು ಇಳೀರಿ!”

ಕೂಗಿದವಳು ಎಲ್ಲರೂ ‘ಕಿವಿರಾಣಿ’ ಎಂದು ಕರೆಯುವ ಮೆಕ್ಯಾನಿಕ್. ತನ್ನ ಚಿಕ್ಕಪ್ಪನ ಈ ಗ್ಯಾರೇಜಿನಲ್ಲಿ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮುಟ್ಟುವ ಹಕ್ಕು ಅವಳೊಬ್ಬಳದು. ಮೂರು ಬೀದಿ ಆಚೆ ಹೋಗುವ ಕಾರಿನ ಸದ್ದು ಕೇಳಿ, ಯಾವ ಪ್ಲಗ್ ಕೆಟ್ಟಿದೆ ಎಂಬುದಿರಲಿ, ಓಡಿಸುವವನು ಬೆಳಿಗ್ಗೆ ಹೆಂಡತಿಯ ಹತ್ತಿರ ಬೈಸಿಕೊಂಡಿದ್ದಾನೋ ಇಲ್ಲವೋ ಎಂಬುದನ್ನೂ ಹೇಳಬಲ್ಲವಳು!

ಕಾರಿನಿಂದ ಇಳಿದವನು ಪೇಟೆಯ ಕನ್ನಡಕದ ಅಂಗಡಿಯವನು. ಎದೆಗೆ ಒಂದು ಊಟದ ಚೀಲ ಅವಚಿಕೊಂಡಿದ್ದ.

“ಸಿಗ್ನಲ್‌ನಲ್ಲಿ ನಿಂತ್ರೆ ಸಾಕು ಮೇಡಂ, ಎಂಜಿನ್‌ಗೆ ಚಳಿಜ್ವರ ಬರುತ್ತೆ.”

ಅವಳು ಬಾನೆಟ್ ಎತ್ತಿ ಕಿವಿಗೊಟ್ಟಳು. ಅಚ್ಚರಿ! ಎಂಜಿನ್ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು.

‘ಈಗ ತಾನೇ ಕುಣೀತಿತ್ತಲ್ಲ...’

ಎಂಜಿನ್ ನಿಲ್ಲಿಸಿ, ಕಿಡಿ ಹಚ್ಚುವ ಪ್ಲಗ್ ಬಿಚ್ಚಿದಳು. ತುದಿಯೆಲ್ಲ ಕಪ್ಪು.

“ಯಾಕೆ ಹೀಗಾಗಿದೆ?” ಆತ ಬಗ್ಗಿ ಕೇಳಿದ.

“ಮಸಿ. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಮದುವೆ ಮನೇಲಿ ಗಂಟಲವರೆಗೆ ತಿಂದವರ ಕಥೆ.”

ಆತ ನಕ್ಕ. ಆದರೆ ಕಣ್ಣು ಪ್ಲಗ್ಗಿನ ಮೇಲೆಯೇ ಇತ್ತು. ಅಲ್ಲಿಗೆ ಬರುವ ಗಂಡಸರೆಲ್ಲ ಅವಳನ್ನು ನೋಡುತ್ತಿದ್ದರು. ಅವಳು ತೋರಿಸಿದ್ದನ್ನು ನೋಡಿದ ಮೊದಲ ಗಂಡಸು ಇವನೇ!

ಹಾಳಾದ್ದು, ಆ ಕ್ಷಣ ಅವಳ ಎದೆಯೇ ಒಂದು ಬಡಿತ ತಪ್ಪಿತು.

ಪ್ಲಗ್ ಉಜ್ಜಿದಳು, ಗಾಳಿ-ಪೆಟ್ರೋಲಿನ ಸ್ಕ್ರೂ ತಿರುವಿದಳು, ಕಳಿಸಿದಳು. ಆತ ಮತ್ತೆ ಬಂದ. ಕಾರು ಈ ಸಲ ಇನ್ನೂ ಜೋರಾಗಿ ಕುಣಿಯುತ್ತಿತ್ತು. ಆತ ಚೀಲ ಹಿಡಿದು ಇಳಿದ, ಅವಳು ಕೂತಳು, ಕಾರು ಸಾಧುವಾಯಿತು. ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್ ಊದಿ ಶುಚಿ ಮಾಡಿದಳು. ಪೈಪುಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ತಡಕಿದಳು. ಮತ್ತೆ ಬಂದ. ಆತ ಟಾರ್ಚ್ ಹಿಡಿಯುವುದು, ಅವಳು ವಿವರಿಸುವುದು ರೂಢಿಯೇ ಆಯಿತು. ಆತ ಬಾರದ ದಿನ ಗ್ಯಾರೇಜ್ ಮರುಭೂಮಿ!

ಒಂದು ಮಧ್ಯಾಹ್ನ ಚಿಕ್ಕಪ್ಪ ಬಾಯಿ ಬಿಟ್ಟ.

“ಕಾಯಿಲೆ ಕಾರಿಗಲ್ಲ ಕಣೇ ಮಗಳೇ, ಸಾಹೇಬರಿಗೆ! ಹೋದ ವರ್ಷ ಒಬ್ಬ ತಾನೇ ವೈರ್ ಕಿತ್ತು ತಂದಿದ್ನಲ್ಲ, ನಿನ್ನ ನೋಡೋಕೆ? ಅದೇ ಜಾತಿ!”

ತಮಾಷೆಗೆ ಅಂದದ್ದು. ಅವಳಿಗೆ ಕೆಂಡ ತುಳಿದಂತಾಯಿತು.

‘ಹಾಗಾದ್ರೆ ಪ್ಲಗ್ ನೋಡಿದ್ದು... ಪ್ರಶ್ನೆ ಕೇಳಿದ್ದು... ಎಲ್ಲ ನಾಟಕಾನಾ?’

ಅಷ್ಟರಲ್ಲಿ ಕಾರು ಬಂತು. ಆತ ಚೀಲ ಹಿಡಿದು ಇಳಿದ. ಎಂಜಿನ್ ಎಂದಿನಂತೆ ಮೆತ್ತಗಾಯಿತು. ಅವಳು ಪ್ಲಗ್ ಬಿಚ್ಚಲೇ ಇಲ್ಲ. ಬಿಚ್ಚಿದ್ದರೆ ಮಸಿಯೇ ಅವನ ಪರ ಸಾಕ್ಷಿ ಹೇಳುತ್ತಿತ್ತು!

“ನಿಮ್ಮ ಕಾರಿಗೆ ಏನೂ ಆಗಿಲ್ಲ. ನನ್ನ ನೋಡೋಕೆ ಬರೋದಾದ್ರೆ ಟಿಕೆಟ್ ತಗೊಂಡು ಬನ್ನಿ!”

ಆತನ ಮುಖ ಬಿಳಿಚಿತು.

“ನಾನು ಸುಳ್ಳು ಹೇಳಿಲ್ಲ... ದಾರಿಯುದ್ದಕ್ಕೂ ನಡುಗ್ತಿತ್ತು...” ಚೀಲದ ಮೇಲಿದ್ದ ಕೈ ಏನನ್ನೋ ತೆಗೆಯಲು ಹೋಗಿ ಅಲ್ಲೇ ನಿಂತಿತು. “ಬರ್ತೀನಿ.”

ಬರಲಿಲ್ಲ.

ಕಿವಿರಾಣಿಯ ಕಿವಿ ಬೀದಿಯ ಎಲ್ಲ ಎಂಜಿನ್ನುಗಳಲ್ಲೂ ಆ ಒಂದು ನಡುಕವನ್ನೇ ಹುಡುಕಿತು. ಸ್ಪ್ಯಾನರ್ ಬದಲು ಚಮಚ ಹಿಡಿದು ನಟ್ಟು ತಿರುಗಿಸಿದಳು.

ಕೊನೆಗೊಂದು ದಿನ ಅದೇ ಸದ್ದು! ಓಡಿ ಬಂದು ನೋಡಿದರೆ ಸ್ಟೀರಿಂಗ್ ಹಿಡಿದವರು ನರೆಗೂದಲಿನ ಒಬ್ಬ ಹೆಂಗಸು. ಅವನ ತಾಯಿ! ಇಳಿಯದೆ ಕೂತಲ್ಲಿಂದಲೇ ಮಾತಾಡಿದರು.

“ಇದನ್ನ ತಗೊಳ್ಳೋರು ಯಾರಾದ್ರೂ ಇದ್ರೆ ಹೇಳಮ್ಮ. ನನ್ನ ಮಗ ಬಸ್ ಹಿಡಿದುಬಿಟ್ಟ. ‘ಅವರು ಸರಿ ಇದೆ ಅಂದ್ಮೇಲೆ ಸರಿ ಇದೆ, ನನ್ನ ತಲೇನೇ ಕೆಟ್ಟಿರೋದು’ ಅಂತಾನೆ.”

ಅವಳ ಮಾತನ್ನು ಆತ ತನ್ನ ಕಿವಿಗಿಂತ ಹೆಚ್ಚು ನಂಬಿದ್ದ!

ಕಾರು ಮಾತ್ರ ಇನ್ನೂ ಕುಣಿಯುತ್ತಿತ್ತು. ಮೊದಲ ಸಲ... ಅವಳು ಹತ್ತಿರ ಬಂದ ಮೇಲೂ! ಅವಳು ಕಿಟಕಿಯೊಳಗೆ ಬಗ್ಗಿದಳು.

ಊಟದ ಚೀಲ ತೂಗಾಡುತ್ತಿತ್ತು. ಅದೂ ಎಲ್ಲಿ? ಸ್ಟೀರಿಂಗ್ ಪಕ್ಕದ ಚೋಕ್ ಗುಂಡಿಯ ಮೇಲೆ! ತಣ್ಣಗಿನ ಎಂಜಿನ್ ಎಬ್ಬಿಸಲು ಮಾತ್ರ ಎಳೆಯಬೇಕಾದ ಆ ಗುಂಡಿ ಚೀಲದ ಭಾರಕ್ಕೆ ಹೊರಗೆ ಬಂದಿತ್ತು. ಎಂಜಿನ್ ಪಾಪ, ದಾರಿಯುದ್ದಕ್ಕೂ ಗಂಟಲವರೆಗೆ ಪೆಟ್ರೋಲ್ ಕುಡಿಯುತ್ತಿತ್ತು!

ಅವಳು ಚೀಲ ಎತ್ತಿದಳು. ಸ್ಪ್ರಿಂಗ್ ಎಳೆದು ಗುಂಡಿ ಸರಕ್ಕನೆ ಒಳಗೆ ಹೋಯಿತು. ನಾಲ್ಕು ಸಲ ಕೆಮ್ಮಿ ಎಂಜಿನ್ ಶಾಂತವಾಯಿತು. ಮತ್ತೆ ನೇತುಹಾಕಿದಳು. ಭೂಕಂಪ!

“ಅಮ್ಮಾ... ಚೀಲ ಇಲ್ಲಿ ಯಾಕೆ?”

“ಮತ್ತೆಲ್ಲಿ? ಸೀಟಿನ ಮೇಲೆ ಉರುಳಿ ಚೆಲ್ಲುತ್ತಲ್ಲ. ಅದು ಕೊಕ್ಕೆ ಅಲ್ವಾ? ಅವನು ಹುಟ್ಟೋಕೆ ಮುಂಚಿಂದ ನನ್ನ ಕೈಚೀಲ ಅಲ್ಲೇ ಇರ್ತಿತ್ತು. ಇದು ಅದಕ್ಕಿಂತ ಭಾರ ಅಷ್ಟೇ.”

“ಇಷ್ಟು ಭಾರ...”

“ಎರಡು ಡಬ್ಬಿ ಕಣಮ್ಮ. ನಿಮ್ಮಲ್ಲಿಗೆ ಮೊದಲ ಸಲ ಬಂದುಹೋದ ಮೇಲೆ, ‘ಇನ್ನೊಂದು ತುಂಬು’ ಅಂತ ಶುರುಮಾಡಿದ. ಸಂಜೆ ಅದು ಮುಟ್ಟದೆ ವಾಪಸ್! ಯಾರಿಗೋ ಕೊಡ್ಬೇಕಂತೆ, ಧೈರ್ಯ ಬರೋದಿಲ್ವಂತೆ. ಈಗ ಬೇಡ ಅಂದಿದ್ದಾನೆ. ಅಭ್ಯಾಸಬಲ, ತುಂಬಿಬಿಟ್ಟೆ.” ಓರೆಗಣ್ಣಲ್ಲಿ ನೋಡಿ ನಕ್ಕರು. “ಆ ಮಹಾತಾಯಿ ಯಾರೋ!”

ಚಿಕ್ಕಪ್ಪ ಕೆಮ್ಮಿದ. “ಹೋಗೇ ಮಗಳೇ, ನಿಂತೇ ಇದ್ದೀಯಲ್ಲ! ಅವರಿಗೆ ಚಹಾ ನಾನು ಕೊಡ್ತೀನಿ.”

ತಾಯಿ ಇಳಿದರು; ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕನ್ನಡಕದ ಅಂಗಡಿಗೆ ಕಾರು ಓಡಿಸಿದಳು. ಸಿಗ್ನಲ್ಲಿನಲ್ಲಿ ಎಂಜಿನ್ ಎಷ್ಟು ಮೆತ್ತಗಿತ್ತೆಂದರೆ, ಪಕ್ಕದ ರಸ್ತೆಗೂ ಅವಳ ಎದೆಬಡಿತ ಕೇಳಿಸಿರಬೇಕು!

ಅಂಗಡಿಯಲ್ಲಿ ಆತ ಗಾಜು ಒರೆಸುತ್ತಿದ್ದ. ಅವಳು ನೇರವಾಗಿ ಹೋಗಿ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತಳು.

“ಏನು... ತೊಂದರೆ?” ಆತ ಒರೆಸುವ ಬಟ್ಟೆ ಕೆಳಗಿಟ್ಟ.

“ಎದುರಿಗಿದ್ದದ್ದು ಕಾಣೋದಿಲ್ಲ. ಕಿವಿ ಇದೆ ಅಂತ ಜಂಬ ಪಟ್ಟೆ, ಕಣ್ಣು ಬಿಡಲೇ ಇಲ್ಲ. ನೀವು ಹೇಳಿದ್ದು ನಿಜ. ಕಾರು ನಡುಗ್ತಿತ್ತು.” ಕಣ್ಣು ತುಂಬಿ ಬಂತು. “ಒಂದು ಪ್ಲಗ್ ಬಿಚ್ಚಿದ್ರೆ ಗೊತ್ತಾಗ್ತಿತ್ತು. ಅದು ಬಿಟ್ಟು ನಿಮ್ಮ ಮರ್ಯಾದೆ ಕಳೆದೆ. ತಪ್ಪಾಯ್ತು.”

ಚೋಕ್ ಗುಂಡಿಯ ಕಥೆ ಕೇಳಿ ಆತ ಹಣೆ ಚಚ್ಚಿಕೊಂಡ.

“ಅಯ್ಯೋ! ಅದು ಕೊಕ್ಕೆ ಅಲ್ವಾ?”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಚೀಲ ಬಿಚ್ಚಿ ಎರಡನೇ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

“ಇದು ಯಾರಿಗೆ?”

ಆತ ತಲೆ ತಗ್ಗಿಸಿದ. “ನಿಮಗೇ. ದಿನಾ ಕೊಡೋಣ ಅಂತಿದ್ದೆ... ನಿಮ್ಮ ಕೈ ಗ್ರೀಸ್‌ನಲ್ಲಿರ್ತಿತ್ತು, ನನ್ನ ಕೈ ನಡುಗ್ತಿತ್ತು. ಕಾರಿಗೋಸ್ಕರ ಬಂದದ್ದು ನಿಜ. ಆಮೇಲಾಮೇಲೆ... ಕಾರು ಸರಿಯಾಗದಿರ್ಲಿ ಅಂದ್ಕೊಂಡಿದ್ದೂ ನಿಜ.”

ಅವಳು ಮುಚ್ಚಳ ತೆಗೆದು ಒಂದು ತುತ್ತು ಬಾಯಿಗಿಟ್ಟುಕೊಂಡಳು.

“ತಣ್ಣಗಾಗಿದೆ ಅಲ್ವಾ?” ಆತ ಮೆಲ್ಲಗೆ ಕೇಳಿದ.

“ಇಲ್ಲ.”

“ನಾಳೆಯಿಂದ ಚೀಲ ಎಲ್ಲಿಡ್ಲಿ? ಕೊಕ್ಕೇನೂ ಕಿತ್ಕೊಂಡ್ರಿ.”

“ನನ್ನ ಮಡಿಲಲ್ಲಿ.” ಅವಳು ಇನ್ನೊಂದು ತುತ್ತು ಕಲಸಿ ಅವನತ್ತ ಚಾಚಿದಳು. “ಪಕ್ಕದ ಸೀಟು ಖಾಲಿ ಇದೆಯಲ್ಲ?”