ನೌಫಲ್ ಹಾಕಿದ ದಪ್ಪ ತಗಡು

ನನ್ನ ಗೋಡೆ ಸುಕ್ಕುಗಟ್ಟಲಿಲ್ಲ. ನನಗೆ ಪಿತ್ತ ನೆತ್ತಿಗೇರಿದ್ದೇ ಅದಕ್ಕೆ.

ಆಗ ನಾನು ಮೂಡುಬಿದಿರೆಯಲ್ಲಿ ಎಂ.ಟೆಕ್ ಓದುತ್ತಿದ್ದ ಹುಡುಗಿ. ಗುಜರಾತಿನ ಭೂಕಂಪವಾಗಿ ಹತ್ತು ಹನ್ನೆರಡು ವರ್ಷ ಕಳೆದಿತ್ತು. ಭೂಕಂಪ ತಡೆಯುವ ಉಕ್ಕಿನ ಗೋಡೆ ನನ್ನ ಪ್ರಾಜೆಕ್ಟ್. ಕಂಬ, ತೊಲೆಗಳ ಚೌಕಟ್ಟಿನ ನಡುವೆ ತೆಳ್ಳಗಿನ ತಗಡು ಬೆಸೆಯುವುದು. ನೆಲ ಅಲುಗಿದಾಗ ತಗಡು ಓರೆಯಾಗಿ ಸುಕ್ಕುಗಟ್ಟಿ, ಎಳೆದು ಹಿಡಿದ ಬಟ್ಟೆಯಂತೆ ಪೆಟ್ಟನ್ನೆಲ್ಲ ತಾನೇ ತಿನ್ನಬೇಕು. ಕಂಬಗಳು ನೆಟ್ಟಗೆ ನಿಲ್ಲಬೇಕು. ಲ್ಯಾಬಿನಲ್ಲಿ ಜ್ಯಾಕ್ ಇಟ್ಟು ತಳ್ಳಿ ಇದನ್ನು ತೋರಿಸದಿದ್ದರೆ ಆ ವರ್ಷ ನನಗೆ ಡಿಗ್ರಿ ಇಲ್ಲ.

ಸೊಂಟದೆತ್ತರದ ಮಾಡೆಲ್ ಮಾಡಿಕೊಟ್ಟವನು ಬಿ.ಸಿ.ರೋಡಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದ ನೌಫಲ್. ಡ್ರಾಯಿಂಗ್ ವಿವರಿಸಲು ಹೋದಾಗೆಲ್ಲ ಅವನು ಕಾಗದ ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ತಿರುಗಿ ನೋಡಿದರೆ ಫಕ್ಕನೆ ವೆಲ್ಡಿಂಗ್ ಮುಖಗವಸು ಇಳಿಸಿಕೊಳ್ಳುತ್ತಿದ್ದ, ಕೈಯಲ್ಲಿ ಚಹಾದ ಗ್ಲಾಸಿದ್ದರೂ ಸರಿ. ಅದನ್ನು ನೋಡಲೆಂದೇ ನಾನು ಸುಮ್ಮನೆ ಎರಡು ಸಲ ಹೆಚ್ಚಿಗೆ ಹೋಗಿದ್ದೆ ಎನ್ನಿ.

ತಗಡಿನ ಅಂಚುಗಳೆಲ್ಲ ಚೌಕಟ್ಟಿನೊಳಗೆ ಮುಚ್ಚಿಹೋಗುವಂತೆ ಬೆಸೆದು, ಮೇಲೆ ಹಸಿರು ಪೇಂಟ್ ಬೇರೆ ಬಳಿದು ತಂದಿಳಿಸಿದ. ಪರೀಕ್ಷೆಯ ದಿನ ಜ್ಯಾಕ್ ತಳ್ಳಿದರೆ ತಗಡು ಮದುಮಗನ ಹಾಗೆ ಸೆಟೆದು ನಿಂತಿತು. ಕಂಬಗಳೆರಡೂ ಡೊಂಕಾದವು. ನನ್ನ ಗೈಡ್ ಶಿವಕೃಷ್ಣ ಸರ್, ಶನಿವಾರದೊಳಗೆ ಇನ್ನೊಂದು ಮಾಡೆಲ್ ತೋರಿಸದಿದ್ದರೆ ಮುಂದಿನ ವರ್ಷ ನೋಡುವ ಎಂದುಬಿಟ್ಟರು. ಅಂಚು ಕತ್ತರಿಸಿ ನೋಡಿದರೆ, ನಾನು ಹೇಳಿದ್ದರ ಮೂರು ಪಟ್ಟು ದಪ್ಪದ ತಗಡು.

ಸೀದಾ ಬಸ್ ಹತ್ತಿ ಬಿ.ಸಿ.ರೋಡಿಗೆ ಹೋಗಿ, ಗಿರಾಕಿಗಳ ಎದುರೇ ಅವನಿಗೆ ಮಂಗಳಾರತಿ ಎತ್ತಿದೆ. ಅವನು ಮುಖಗವಸಿಗೆ ಕೈ ಹಾಕಿದ. ಅದನ್ನೂ ಕಿತ್ತುಕೊಂಡೆ.

"ಅಷ್ಟು ತೆಳು ತಗಡು ನಿಲ್ಲುದಿಲ್ಲ ಅಂತ ಕಂಡಿತು," ಎಂದ ನೆಲ ನೋಡುತ್ತ. "ಸರ್‌ಗಳ ಎದುರು ನಿಮ್ಮ ಗೋಡೆ ಬಗ್ಗಿದ್ರೆ ನಿಮಗೆ ಅವಮಾನ ಅಲ್ವಾ? ಅದು ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಮುಖಗವಸು ಅವನ ಕೈಗೇ ವಾಪಸ್ ಕೊಟ್ಟೆ. ಅಷ್ಟು ಪ್ರೀತಿಯಿಂದ ನನ್ನನ್ನು ಅದುವರೆಗೆ ಯಾರೂ ಫೇಲ್ ಮಾಡಿಸಿರಲಿಲ್ಲ.

ಪುಣ್ಯಾತ್ಮನನ್ನು ಬೆಂಚಿನಲ್ಲಿ ಕೂರಿಸಿ ಮೊದಲಿನಿಂದ ಹೇಳಿದೆ: ಬಗ್ಗುವುದು ಗೋಡೆಗೆ ಅವಮಾನವಲ್ಲ, ಅದರ ಕೆಲಸವೇ ಅದು, ಅದು ಹಟ ಹಿಡಿದರೆ ಪಕ್ಕದ ಕಂಬಗಳ ಕತೆ ಮುಗಿಯಿತು. ಈ ಸಲ ಅವನು ಕಾಗದವನ್ನೇ ನೋಡಿದ. ನನಗೆ ಸ್ವಲ್ಪ ಬೇಜಾರೇ ಆಯಿತು.

ಶನಿವಾರ ಹೊಸ ಮಾಡೆಲ್ ತಂದವನು ಹೋಗದೆ ಲ್ಯಾಬಿನಲ್ಲೇ ನಿಂತ. ಜ್ಯಾಕ್ ತಳ್ಳಿತು. ತಗಡು ಟಣ್ಣೆಂದಿತು. ಅದರ ಮೈಮೇಲೆ ಓರೆಯಾಗಿ ಸುಕ್ಕುಗಳು ಸಾಲಾಗಿ ಎದ್ದವು. ಕಂಬಗಳು ಮಿಸುಕಲಿಲ್ಲ. ಸರ್ ಚಪ್ಪಾಳೆ ತಟ್ಟಿದರು, ನನ್ನ ಕಣ್ಣಲ್ಲಿ ನೀರು ಬಂತು. ನೌಫಲ್ ಮಾತ್ರ ಮಾಡೆಲಿಗೆ ಬೆನ್ನು ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದ.

ಹತ್ತಿರ ಹೋಗಿ, ಎಲ್ಲ ಮುಗಿಯಿತು, ನಾನು ಪಾಸ್ ಎಂದೆ.

"ಹಫ್ಸ, ನನಗೆ ನೀವು ಅಂದ್ರೆ ಜೀವ," ಎಂದ ಕಣ್ಣು ಮುಚ್ಚಿಕೊಂಡೇ. "ನಿಮ್ಮನ್ನೇ ಮದುವೆ ಆಗ್ಬೇಕು ಅಂತ ಉಂಟು."

ಸರ್ ನಮ್ಮ ಪಕ್ಕದಲ್ಲೇ ಇದ್ದರು. ಪಾಪ, ಜ್ಯಾಕಿನ ಹಿಂದೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ಹುಡುಕತೊಡಗಿದರು. ನನ್ನ ಕಿವಿಯೆಲ್ಲ ಬಿಸಿಯಾಯಿತು, ಆದರೆ ಬಾಯಿ ಸುಮ್ಮನಿರಬೇಕಲ್ಲ.

"ನನಗೂ ಉಂಟು," ಎಂದೆ. "ಶುಕ್ರವಾರ ಮನೆಗೆ ಬಂದು ಇದನ್ನೇ ನಮ್ಮ ಉಪ್ಪನ ಹತ್ರ ಹೇಳಿ. ಆದ್ರೆ ಕಣ್ಣು ಬಿಟ್ಟು ಹೇಳಿ."