ಮಡಿವಳತಿಯ ಗಂಟು

ಸಿರಿಪೊಳಲಿನ ಏಳು ಹೆಬ್ಬಾಗಿಲುಗಳಿಗೂ ಮಾವಿನ ತೋರಣ ಕಟ್ಟಿತ್ತು. ಕೊತ್ತಲಗಳಿಂದ ನಗಾರಿಗಳು ಮೊಳಗುತ್ತಿದ್ದವು. ಪಟ್ಟದಾನೆಯ ಗಂಟೆಯ ಸದ್ದಿಗೆ ರಾಜಬೀದಿಯೇ ಎಚ್ಚೆತ್ತಿತ್ತು. ಆಯುಧಪೂಜೆಯ ದಿನ ಪಟ್ಟಮಹಿಷಿಯು ಕೈಯಾರೆ ಅರಸನಿಗೆ ರಾಜಖಡ್ಗವನ್ನು ಒಪ್ಪಿಸುವುದು ಆ ವಂಶದ ಸಂಪ್ರದಾಯ. ರಜಸ್ವಲೆಗೆ ಆ ಖಡ್ಗ ನಿಷಿದ್ಧ.

ರಾಣಿ ನೀಲಲದೇವಿಗೆ ಅದೇ ಭಯ. ಶ್ರಾವಣದಲ್ಲಿ ಆರಂಭವಾದ ರಕ್ತಸ್ರಾವ ಇನ್ನೂ ನಿಂತಿರಲಿಲ್ಲ. ಕಿಬ್ಬೊಟ್ಟೆಯಲ್ಲಿ ಕಲ್ಲಿಟ್ಟಂಥ ಭಾರ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಬಾಯಿಬಿಟ್ಟರೆ ಬಂಜೆಯೆಂಬ ಹೆಸರು, ಅದರ ಬೆನ್ನಿಗೇ ಸವತಿ. ಮಹಾಪ್ರಧಾನ ಕೇತಿಮಯ್ಯ ತನ್ನ ಮಗಳನ್ನು ಅರಸನಿಗೆ ಧಾರೆಯೆರೆಯಲು ತುದಿಗಾಲಲ್ಲಿ ನಿಂತಿದ್ದ. ಹೀಗಾಗಿ ರಾಣಿ ರಾಜವೈದ್ಯರಿಗೂ ನಾಡಿ ತೋರಿಸಲಿಲ್ಲ. ವಿಷಯ ಬಲ್ಲವಳು ಅರಮನೆಯ ಬಟ್ಟೆ ಒಗೆಯುವ ಮಡಿವಳತಿ ಹೊನ್ನವ್ವೆಯೊಬ್ಬಳೇ. ರಾಣಿಯ ಕಲೆಯಾದ ವಸ್ತ್ರಗಳನ್ನು ಅವಳು ಗುಟ್ಟಾಗಿ ಒಯ್ದು ದೂರದ ಮಡುವಿನಲ್ಲಿ ಒಗೆದು ತರುತ್ತಿದ್ದಳು.

"ತಾಯೀ, ಬಟ್ಟೆಯ ಕಲೆ ನಾನು ತೆಗೆದೇನು. ಒಳಗಿನ ರೋಗ ಒಗೆದರೆ ಹೋದೀತೇ? ವೈದ್ಯರನ್ನು ಕರೆಸಿ."

"ಹಬ್ಬ ಕಳೆಯಲಿ, ಹೊನ್ನವ್ವೆ," ಎನ್ನುತ್ತಿದ್ದಳು ರಾಣಿ. ಕೇಡು ಹಬ್ಬ ಕಳೆಯಲೆಂದು ಕಾಯುತ್ತದೆಯೇ!

ತುಂಬಿದ ಸಭೆಗೆ ಖಡ್ಗದ ಹರಿವಾಣ ಬರುವಷ್ಟರಲ್ಲಿ ಕೇತಿಮಯ್ಯ ಎದ್ದು ಕೈಮುಗಿದ. ಮಡುವಿನ ದಾರಿಯಲ್ಲಿ ಅವನ ಬೇಹಿನವರ ಕೈಗೆ ಸಿಕ್ಕಿಬಿದ್ದಿದ್ದ ಹೊನ್ನವ್ವೆಯನ್ನು ಭಟರು ಎಳೆತಂದು ಅವಳ ಗಂಟು ಬಿಚ್ಚಿದರು. ನೆತ್ತರ ಕಲೆಯ ರೇಷ್ಮೆ ಎಲ್ಲರ ಕಣ್ಣಿಗೆ ಬಿತ್ತು.

"ಪ್ರಭೂ, ಇದು ಅಂತಃಪುರದ ವಸ್ತ್ರ. ಕಲೆ ಯಾರದೆಂದು ಇವಳೇ ಬಿನ್ನವಿಸಲಿ."

ಹೊನ್ನವ್ವೆ ರಾಣಿಯತ್ತ ಕಣ್ಣೆತ್ತಲಿಲ್ಲ. "ನನ್ನದೇ, ಬುದ್ಧೀ. ಒಗೆಯಲು ಕೊಟ್ಟದ್ದನ್ನು ಆಸೆಪಟ್ಟು ಉಟ್ಟೆ."

"ಅರಮನೆಯ ಉಡುಗೆಯನ್ನು ಮೈಲಿಗೆ ಮಾಡಿದವರ ಕೈ ಕಡಿಯಬೇಕೆಂಬುದು ಕಟ್ಟಳೆ," ಎಂದ ಕೇತಿಮಯ್ಯ, ರಾಣಿಯನ್ನೇ ನೋಡುತ್ತ. ಅವನಿಗೆ ಬೇಕಾದದ್ದು ಮಡಿವಳತಿಯ ಕೈಯಲ್ಲವೆಂದು ರಾಣಿಗೆ ತಿಳಿಯಿತು.

ಕೊಡಲಿ ಬಂದಿತು. ಸುಮ್ಮನಿದ್ದರೆ ಪಟ್ಟ ಉಳಿಯುತ್ತಿತ್ತು. ಆದರೆ ಮಣೆಯ ಮೇಲೆ ಚಾಚಿದ್ದ, ಬಟ್ಟೆ ಒಗೆಯುವ ಚೌಳುನೀರಿಗೆ ಬಿರಿದ ಆ ಕೈಗಳನ್ನು ಕಂಡು ರಾಣಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅವಳು ಸಿಂಹಾಸನದ ಅಂಚನ್ನು ಹಿಡಿದು ಎದ್ದಳು.

"ನಿಲ್ಲಿಸಿ! ಆ ರಕ್ತ ನನ್ನದು. ಎರಡು ತಿಂಗಳಿಂದ ನಿಂತಿಲ್ಲ. ಇದು ಪಾಪವಲ್ಲ ಪ್ರಭೂ, ರೋಗ. ಖಡ್ಗವನ್ನು ಯಾರ ಕೈಗಾದರೂ ಕೊಡಿ. ಈ ಕೈಗಳನ್ನು ಮಾತ್ರ ಬಿಡಿ."

ಹಣೆಯ ಪಟ್ಟವನ್ನು ಬಿಚ್ಚಿ ಅರಸನ ಪಾದದ ಬಳಿಯಿಟ್ಟು ಮೆಟ್ಟಿಲಿಳಿದವಳು ಅಲ್ಲಿಯೇ ಕುಸಿದಳು. ಹೊನ್ನವ್ವೆ ಭಟರ ಹಿಡಿತ ಕಿತ್ತುಕೊಂಡು ಬಂದು ಅವಳನ್ನು ಮಡಿಲಿಗೆಳೆದುಕೊಂಡಳು.

ಅರಸ ಇಳಿದು ಬಂದು ರಾಣಿಯ ರಕ್ತಹೀನ ಮುಖದ ಬಳಿ ಬಾಗಿದ. "ಪಕ್ಕದಲ್ಲಿಯೇ ಇದ್ದೂ ನಾನು ಕಾಣದೆಹೋದೆ. ವೈದ್ಯರನ್ನು ಕರೆಯಿರಿ. ದೇವಿಯವರಿಗೆ ಗುಣವಾಗುವವರೆಗೆ ಖಡ್ಗ ಒರೆಯಲ್ಲೇ ಇರಲಿ."

ರಾಜವೈದ್ಯರು ನಾಡಿ ಹಿಡಿದು, "ಗರ್ಭಾಶಯದ ಗೆಡ್ಡೆ. ಹೆಂಗಸರಲ್ಲಿ ಅಪರೂಪವೇನಲ್ಲ, ಮುಚ್ಚಿಟ್ಟದ್ದೇ ಮುಳುವಾಯಿತು," ಎಂದರು.

ಮರುವರ್ಷದ ಆಯುಧಪೂಜೆಯಂದು ಕೇತಿಮಯ್ಯನ ಪೀಠ ಬರಿದಾಗಿತ್ತು. ಖಡ್ಗವನ್ನು ಗುಣಮುಖಳಾದ ನೀಲಲದೇವಿಯೇ ಎತ್ತಿಕೊಟ್ಟಳು. ಹರಿವಾಣ ಹಿಡಿದು ನಿಂತವಳು ಹೊನ್ನವ್ವೆ.